ಮೂರನೆಯ ರಾಶಿ

ಮೇಲುಕೋಟೆಯಂತಹ ವಿದ್ಯಾಕ್ಷೇತ್ರದಲ್ಲಿ ಸಂಸ್ಕೃತವನ್ನೋದಿ, ಭಾಷಾಂತರವನ್ನು ಕುರಿತು ಸ್ನಾತಕೋತ್ತರ ಪ್ರಬಂಧವನ್ನು ಯೋಜಿಸುವ ತರುಣನಿಗೆ ಕನ್ನಡ ಶಾಕುಂತಲಗಳಿಗಿಂತ ಪ್ರಿಯವಾದ ವಿಷಯವು ವಿರಳ. ಕಾಳಿದಾಸನ ಆ ಒಂದೇ ನಾಟಕವನ್ನು ಚುರಮುರಿ ಶೇಷಗಿರಿರಾಯರು ಜನರ ಆಡುನುಡಿಗೆ ಸಮೀಪವಾಗಿಯೂ, ಮೈಸೂರು ಆಸ್ಥಾನದ ಬಸವಪ್ಪಶಾಸ್ತ್ರಿಗಳು (1843–1891) ಪ್ರೌಢಶೈಲಿಯಲ್ಲಿಯೂ ಕನ್ನಡಿಸಿದರು. ಇವೆರಡನ್ನೂ ಗಣಕಯಂತ್ರಕ್ಕೆ ಒಪ್ಪಿಸಿ, ಸಂಸ್ಕೃತ ಪದಗಳನ್ನೆಣಿಸಿ, ಹೆಚ್ಚಾಗಿ ಕಂಡುದೆಲ್ಲವೂ ಮೂಲದ ಪ್ರಭಾವವೆಂದು ಬರೆದುಬಿಡುವುದು ಸುಲಭ.

ಆದರೆ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೋದಿದವನು ಅಷ್ಟಕ್ಕೆ ತೃಪ್ತನಾಗಲಾರನು. ಅನ್ವಯವೊಂದೇ ಸಾಲದು, ವ್ಯತಿರೇಕವೂ ಬೇಕು. ಅದೇ ಕಾಲದ ಸ್ವತಂತ್ರ ಕನ್ನಡ ಕೃತಿಗಳೂ ಅಷ್ಟೇ ಸಂಸ್ಕೃತಭೂಯಿಷ್ಠವಾಗಿದ್ದರೆ, ಅದು ಭಾಷಾಂತರದ ಗುಣವೋ, ಕಾಲಧರ್ಮವೋ? ಆದುದರಿಂದ ಮೂಲ, ಭಾಷಾಂತರ ಎಂಬೆರಡು ಪಠ್ಯರಾಶಿಗಳಲ್ಲದೆ ಸಮಕಾಲೀನ ಸ್ವತಂತ್ರ ರಚನೆಗಳ ಮೂರನೆಯ ರಾಶಿಯೊಂದು ಅವಶ್ಯಕ. 1993ರಲ್ಲಿ ಮೋನಾ ಬೇಕರ್ ಎಂಬ ವಿದುಷಿಯು ಭಾಷಾಂತರದ ಅಧ್ಯಯನಕ್ಕೆ ಪಠ್ಯರಾಶಿಗಳನ್ನು ಬಳಸಬೇಕೆಂದು ಪ್ರತಿಪಾದಿಸಿದ ಮೇಲೆ ಇಂತಹ ಹೋಲಿಕೆಯು ಈ ಶಾಸ್ತ್ರದಲ್ಲಿ ಮುಖ್ಯ ಸ್ಥಾನವನ್ನು ಪಡೆಯಿತು.

ಎಣಿಕೆಯ ನಿಯಮಗಳನ್ನೂ ಯೋಜನೆಯಲ್ಲಿಯೇ ಬರೆದಿಡಬೇಕು. ‘ಸೂರ್ಯೋದಯಕಾಲದಲ್ಲಿ’ ಎಂಬುದು ಒಂದು ಪದವೋ, ಮೂರೋ? ಛಂದಸ್ಸಿಗಾಗಿ ಬಂದ ಪದವನ್ನು ಗದ್ಯದ ಪದದೊಡನೆ ಸೇರಿಸಬಹುದೆ? ಪದ್ಯಗದ್ಯಗಳನ್ನು ಬೇರ್ಪಡಿಸುವುದೇ ಕ್ಷೇಮ. ಅವಧಿಯು ಅಲ್ಪವಾದುದರಿಂದ ನಾಟಕವೆಲ್ಲವನ್ನೂ ಹಿಡಿಯದೆ ನಾಲ್ಕನೆಯ ಅಂಕವೊಂದನ್ನೇ ಆರಿಸಿಕೊಂಡರೂ ನ್ಯೂನತೆಯಿಲ್ಲ.

ಇಷ್ಟು ಎಚ್ಚರವೇಕೆಂದರೆ, ಆಕ್ಷೇಪಕ್ಕೆ ಉತ್ತರ ಕೊಡಲು ಆ ಭಾಷಾಂತರಕಾರರು ಇಂದು ಇಲ್ಲ. ಕಾಲದ ಲಕ್ಷಣವನ್ನು ಅವರ ದೋಷವೆಂದು ಸಂಖ್ಯೆಗಳ ಬಲದಿಂದ ಒಮ್ಮೆ ಬರೆದರೆ, ಮುಂದಿನವರು ಅದನ್ನೇ ಪ್ರಮಾಣವೆಂದು ಉದಾಹರಿಸುವರು.