‘ತಿಳಿಯದು’ ಎಂಬ ಉತ್ತರ

ನೀಲಗುಂದದ ನಮ್ಮ ಮನೆಯಲ್ಲಿ ಅಮ್ಮಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ಆಪಾಗೂ ಅದೇ ರೋಗ ಬಂತು. ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿದ್ದಾಗ ವೈದ್ಯರು ಅವರ ರಕ್ತದ ವಂಶವಾಹಿ ಪರೀಕ್ಷೆ ಮಾಡಿಸಿದರು. ಬಿಆರ್‌ಸಿಎ2 ಎಂಬ ವಂಶವಾಹಿಯಲ್ಲಿ ‘ಪರಿಣಾಮ ಖಚಿತವಾಗದ ಬದಲಾವಣೆ’ ಇದೆಯೆಂದು ವರದಿ ಹೇಳಿತು.

ನಾನು ‘ಬದಲಾವಣೆ’ ಎಂಬುದನ್ನಷ್ಟೇ ಓದಿದೆ. ಆಗ ಆಪಾರ ಮಗಳ ನಿಕಾಹ್‌ನ ಮಾತುಕತೆ ನಡೆಯುತ್ತಿತ್ತು. ಅವಳಿಗೂ ಪರೀಕ್ಷೆಯಾಗಲಿ, ಬದಲಾವಣೆ ಕಂಡರೆ ಶಸ್ತ್ರಚಿಕಿತ್ಸೆಯೂ ಆಗಲಿ, ಅಲ್ಲಿಯವರೆಗೆ ಮಾತುಕತೆ ನಿಲ್ಲಲಿ ಎಂದು ಪಟ್ಟು ಹಿಡಿದೆ. ಹುಡುಗಿ ಕೇಳಿದಳು: “ಮಾಮೂ, ಅದರಿಂದಲೇ ರೋಗ ಬರುತ್ತದೆಂದು ಯಾರು ಹೇಳಿದರು?” ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವರು ವಂಶವಾಹಿ ಸಲಹೆಗಾರ್ತಿ. ‘ನೀಲಗುಂದ’ವನ್ನು ‘ನಿಲಗುಂದ’ವೆಂದು ಬರೆದರೂ ಊರು ಅದೇ, ‘ಹಾಲು’ ‘ಹಾಳು’ ಆದರೆ ಅರ್ಥವೇ ಕೆಡುತ್ತದೆ. ಕೆಲವು ಅಕ್ಷರಭೇದಗಳು ಮಾತ್ರ ಯಾವ ಬಗೆಯವೆಂದು ಇನ್ನೂ ಹೇಳಲಾಗದು. ಅಮೆರಿಕದ ತಜ್ಞರು 2015ರಲ್ಲಿ ಇಂತಹ ಬದಲಾವಣೆಗಳನ್ನು ರೋಗಕಾರಕದಿಂದ ನಿರಪಾಯದವರೆಗೆ ಐದು ದರ್ಜೆಗಳಾಗಿ ವಿಂಗಡಿಸಿದರು. ಆಪಾರದು ನಡುವಿನ ದರ್ಜೆ. ಅದನ್ನೇ ಆಧಾರವಾಗಿಟ್ಟುಕೊಂಡು ಶಸ್ತ್ರಚಿಕಿತ್ಸೆ ನಿರ್ಧರಿಸಬಾರದು. ಮುಂದೆ ಸ್ಪಷ್ಟವಾಗುವ ಇಂತಹ ಬದಲಾವಣೆಗಳಲ್ಲಿ ಹೆಚ್ಚಿನವು ನಿರಪಾಯವೆಂದೇ ತಿಳಿದುಬರುತ್ತವೆ. ಜಗತ್ತಿನ ವಂಶವಾಹಿ ದಾಖಲೆಗಳಲ್ಲಿ ಯುರೋಪ್ ಮೂಲದವರದೇ ಹೆಚ್ಚು. ಆದ್ದರಿಂದ ನಮ್ಮವರ ವರದಿಗಳಲ್ಲಿ ಈ ಅನಿಶ್ಚಿತತೆಯೂ ಹೆಚ್ಚು. ಹತ್ತು ಸಾವಿರ ಭಾರತೀಯರ ವಂಶವಾಹಿಗಳನ್ನು ಓದಿದ ‘ಜೀನೋಮ್ ಇಂಡಿಯಾ’ದಂತಹ ಯೋಜನೆಗಳು ಈ ಕೊರತೆಯನ್ನು ತುಂಬಲು ಹೊರಟಿವೆ.

ಮದೀನಾದ ಇಮಾಮ್ ಮಾಲಿಕ್(ರ) ಅವರು ತಮ್ಮಲ್ಲಿಗೆ ಬಂದ ಹಲವು ಪ್ರಶ್ನೆಗಳಿಗೆ ‘ನನಗೆ ತಿಳಿಯದು’ ಎಂದೇ ಉತ್ತರಿಸುತ್ತಿದ್ದರೆಂದು ನಾವು ಕೇಳಿದ್ದೇವೆ. ಅದನ್ನು ವಿದ್ವತ್ತಿನ ಲಕ್ಷಣವೆಂದು ಕೊಂಡಾಡುವ ನಾನು, ಪ್ರಯೋಗಾಲಯವು ಅದೇ ಪ್ರಾಮಾಣಿಕತೆ ತೋರಿದಾಗ ತೀರ್ಪೆಂದು ಓದಿಕೊಂಡೆ. ಖಚಿತವಾದುದು ಸಂಶಯದಿಂದ ಅಳಿಯದೆಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಇಲ್ಲಿ ಸಂಶಯ ಇರುವುದು ಆ ಅಕ್ಷರದಲ್ಲಿ. ಖಚಿತವಾದುದು ಅಮ್ಮಿಯ ಮತ್ತು ಆಪಾರ ಕಾಯಿಲೆ. ಆದ್ದರಿಂದ ಅಕ್ಷರಕ್ಕೆ ಅಂಜಿ ಅಂಗ ಕತ್ತರಿಸುವುದು ಎಷ್ಟು ತಪ್ಪೋ, ‘ಖಚಿತವಿಲ್ಲವಲ್ಲ’ ಎಂದು ತಪಾಸಣೆ ಕೈಬಿಡುವುದೂ ಅಷ್ಟೇ ತಪ್ಪು.

ಹುಡುಗನ ಮನೆಯವರಿಗೆ ಇದ್ದುದನ್ನು ಇದ್ದಂತೆಯೇ ತಿಳಿಸಿದೆವು. ನಿಕಾಹ್ ನೆರವೇರಿತು. ಕುಟುಂಬದಲ್ಲಿ ರೋಗವಿರುವ ಕಾರಣ ಅವಳು ವೈದ್ಯರ ಸಲಹೆಯಂತೆ ನಿಯಮಿತ ತಪಾಸಣೆ ಮಾಡಿಸಿಕೊಳ್ಳುತ್ತಾಳೆ. ವರ್ಷಕ್ಕೊಮ್ಮೆ ನಾನು ಸಲಹೆಗಾರ್ತಿಗೆ ಕರೆ ಮಾಡಿ ದರ್ಜೆ ಬದಲಾಯಿತೇ ಎಂದು ಕೇಳುತ್ತೇನೆ. ಇನ್ನೂ ಇಲ್ಲ.

ಸಹೋದರ ಸಹೋದರಿಯರೇ, ಇಂತಹ ವರದಿ ನಿಮ್ಮ ಮನೆಗೆ ಬಂದರೆ ತಿಳಿದವರಿಂದ ಓದಿಸಿಕೊಳ್ಳಿ. ಅರ್ಧ ಪದ ಹಿಡಿದು ಯಾರ ಬದುಕನ್ನೂ ನಿಲ್ಲಿಸಬೇಡಿ. ಪೂರ್ಣ ಜ್ಞಾನ ಅಲ್ಲಾಹನದು. ತಿಳಿದಷ್ಟರ ಮೇಲೆ ನಡೆಯುವ ಹೊಣೆ ನಮ್ಮದು.