ಮೇಲ್ಮೈಯ ತುಕ್ಕು

ನಿತ್ಯವೂ ಹೊಲ ಉಳುವ ನೇಗಿಲಿನ ಗುಳ ಬೆಳ್ಳಿಯಂತೆ ಹೊಳೆಯುತ್ತದೆ. ಅದೇ ಗುಳ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಮಳೆಗಾಲವನ್ನು ಕಳೆಯಿತೆಂದರೆ ಕೆಂಪಗೆ ತುಕ್ಕು ಹಿಡಿಯುತ್ತದೆ. ಕಬ್ಬಿಣದ ಈ ಸ್ವಭಾವವನ್ನು ರೈತನು ತಲೆತಲಾಂತರದಿಂದ ಬಲ್ಲನು. ಆದುದರಿಂದಲೇ ಕೆಲಸ ಮುಗಿದ ಮೇಲೆ ಕತ್ತಿ ಗುದ್ದಲಿಗಳನ್ನು ಒರೆಸಿ, ಎಣ್ಣೆ ಸವರಿ ಇಡುವುದು ಅವನ ರೂಢಿ. ಓದು ನಿಲ್ಲಿಸಿದವನ ಬುದ್ಧಿಗೂ ದುಡಿಮೆ ಬಿಟ್ಟವನ ಮೈಗೂ ತುಕ್ಕು ಹಿಡಿಯಿತೆಂದು ಜನ ಆಡಿಕೊಳ್ಳುತ್ತಾರೆ. ಹೀಗೆ ತುಕ್ಕು ಎಂಬ ಮಾತು ಕೇಳಿದೊಡನೆಯೇ ನಾಶದ ಚಿತ್ರವೊಂದು ಮನಸ್ಸಿನಲ್ಲಿ ಮೂಡುತ್ತದೆ. ಆದರೆ ಎಲ್ಲ ತುಕ್ಕೂ ಒಂದೇ ಬಗೆಯದಲ್ಲ. ಯಾವುದು ಮೈಮೇಲಿನ ಕೊಳೆ, ಯಾವುದು ಒಳಗಿನ ರೋಗ ಎಂದು ಅರಿಯದೆ ಮದ್ದು ಮಾಡಹೊರಟರೆ, ರೋಗಕ್ಕಿಂತ ಮದ್ದೇ ಘೋರವಾದೀತು.

ಕರಾವಳಿಯ ಒಂದು ಊರಿನಲ್ಲಿ ನಿವೃತ್ತ ಶಿಕ್ಷಕರೊಬ್ಬರು ಜೀವಮಾನದ ಉಳಿತಾಯದಿಂದ ಒಂದು ಸಣ್ಣ ಕಾರನ್ನು ಕೊಂಡರು. ಆಷಾಢದ ಮಳೆ ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಬೆಳಿಗ್ಗೆ ಅವರು ಕಾರನ್ನು ಒರೆಸುತ್ತಿದ್ದಾಗ, ಚಕ್ರದ ಕಡ್ಡಿಗಳ ನಡುವೆ ಕಾಣುವ ಬ್ರೇಕಿನ ತಟ್ಟೆಯ ಮೇಲೆ ಕಾವಿಯ ಬಣ್ಣ ಹರಡಿರುವುದು ಕಣ್ಣಿಗೆ ಬಿತ್ತು. ಅವರ ಎದೆ ಧಸಕ್ಕೆಂದಿತು. ಹೊಸದೆಂದು ಹೇಳಿ ಹಳೆಯ ಗಾಡಿಯನ್ನು ಕೊಟ್ಟರೇ? ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಾಹನದಲ್ಲಿ ಬ್ರೇಕೇ ತುಕ್ಕು ಹಿಡಿದರೆ ಗತಿಯೇನು? ಕತ್ತಿಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಬಹುದೆಂದು ನೆರೆಯವರು ಸಲಹೆಯಿತ್ತರು. ಶಿಕ್ಷಕರು ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆಯನ್ನೂ ಒಂದು ತುಂಡು ಬಟ್ಟೆಯನ್ನೂ ಹಿಡಿದು ಚಕ್ರದ ಬಳಿ ಕುಳಿತರು. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಮೆಕ್ಯಾನಿಕ್ ಯುವಕನೊಬ್ಬನು ಅದನ್ನು ಕಂಡು ಓಡಿಬಂದನು.

"ಮಾಷ್ಟ್ರೇ, ಆ ಎಣ್ಣೆಯನ್ನು ಒಳಗಿಡಿ. ಕತ್ತಿಗೆ ಎಣ್ಣೆ ಹಚ್ಚಿದರೆ ಕತ್ತಿ ಉಳಿಯುತ್ತದೆ, ಬ್ರೇಕಿಗೆ ಎಣ್ಣೆ ಹಚ್ಚಿದರೆ ಮನುಷ್ಯ ಉಳಿಯುವುದಿಲ್ಲ" ಎಂದನು.

"ಹಾಗಾದರೆ ಈ ತುಕ್ಕನ್ನು ಹೀಗೆಯೇ ಬಿಡುವುದೇನಪ್ಪಾ?" ಎಂದು ಶಿಕ್ಷಕರು ಕೇಳಿದರು.

"ದೇವಸ್ಥಾನದವರೆಗೆ ನಿಧಾನವಾಗಿ ಓಡಿಸಿ, ಹಿಂದೆ ಮುಂದೆ ವಾಹನ ಇಲ್ಲದಲ್ಲಿ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿಕೊಂಡು ಬನ್ನಿ. ಆಮೇಲೆ ನೋಡುವ."

ಶಿಕ್ಷಕರು ಹಾಗೆಯೇ ಮಾಡಿದರು. ಮೊದಲೆರಡು ಸಲ ಚಕ್ರದಿಂದ ಕರಕರ ಸದ್ದು ಬಂದಿತು, ಬಳಿಕ ನಿಂತಿತು. ಹಿಂದಿರುಗಿ ನೋಡಿದಾಗ ತಟ್ಟೆಯು ಕನ್ನಡಿಯಂತೆ ಹೊಳೆಯುತ್ತಿತ್ತು.

ಇದರಲ್ಲಿ ಪವಾಡವೇನೂ ಇಲ್ಲ. ಚಕ್ರದೊಡನೆ ತಿರುಗುವ ತಟ್ಟೆಯನ್ನು ಎರಡು ಕಡೆಗಳಿಂದ ಪ್ಯಾಡ್‌ಗಳು ಅದುಮಿ ಹಿಡಿಯುವುದರಿಂದ ವಾಹನ ನಿಲ್ಲುತ್ತದೆ. ಆಗ ಉಂಟಾಗುವ ಘರ್ಷಣೆಯು ವಾಹನದ ಚಲನಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ 1000 ಕಿಲೋಗ್ರಾಂ ತೂಕದ ಕಾರನ್ನು ನಿಲ್ಲಿಸಿದಾಗ ಹುಟ್ಟುವ ಶಾಖದಿಂದ ಒಂದು ಲೀಟರ್ ನೀರಿನ ಉಷ್ಣತೆಯನ್ನು ಸುಮಾರು 33 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಬಹುದು. ವೇಗ ಇಮ್ಮಡಿಯಾದರೆ ಈ ಶಾಖ ನಾಲ್ಕು ಪಟ್ಟಾಗುತ್ತದೆ. ಇಷ್ಟು ಬಲವಾದ ಉಜ್ಜಾಟದ ಮುಂದೆ ಒಂದೆರಡು ರಾತ್ರಿಯಲ್ಲಿ ಮೂಡಿದ ತೆಳುವಾದ ತುಕ್ಕು ನಿಲ್ಲುವುದಾದರೂ ಹೇಗೆ? ಆದರೆ ತಟ್ಟೆಗೆ ಎಣ್ಣೆ ಬಿದ್ದರೆ ಪ್ಯಾಡ್‌ಗಳು ಅದನ್ನು ಹೀರಿಕೊಳ್ಳುತ್ತವೆ. ಘರ್ಷಣೆ ಕುಗ್ಗಿ, ಅಗತ್ಯದ ಕ್ಷಣದಲ್ಲಿ ವಾಹನ ನಿಲ್ಲದೆ ಮುಂದಕ್ಕೆ ಜಾರುತ್ತದೆ. ಗ್ರೀಸ್, ಮೇಣ, ಮೆರುಗಿನ ದ್ರಾವಣ ಇವುಗಳಿಂದಲೂ ಇದೇ ಅಪಾಯವಿದೆ.

ತುಕ್ಕು ಹಿಡಿಯುವ ಲೋಹವನ್ನೇ ಇಲ್ಲಿ ಬಳಸುವುದೇಕೆ ಎಂಬ ಸಂದೇಹ ಸಹಜವಾದುದು. ಮೋಟಾರ್ ಸೈಕಲ್ಲುಗಳ ಬ್ರೇಕ್ ತಟ್ಟೆಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನಿಂದ ಆಗಿರುವುದರಿಂದ ಮಳೆಯಲ್ಲಿ ನಿಂತರೂ ಹೊಳಪು ಕಳೆದುಕೊಳ್ಳುವುದಿಲ್ಲ. ಆದರೆ ಕಾರು ಅದಕ್ಕಿಂತ ಅನೇಕ ಪಟ್ಟು ಭಾರವಾದುದು. ಅದರ ಬ್ರೇಕಿನಲ್ಲಿ ಹುಟ್ಟುವ ಶಾಖವನ್ನು ಬೇಗನೆ ಹರಡಿ ಹೊರಹಾಕಬಲ್ಲ ಲೋಹ ಬೇಕು. ಬೀಡುಕಬ್ಬಿಣದಲ್ಲಿ ಬೆರೆತಿರುವ ಇಂಗಾಲವು ಗ್ರಾಫೈಟ್ ಪದರಗಳ ರೂಪದಲ್ಲಿದ್ದು, ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಕಂಪನವನ್ನೂ ತಗ್ಗಿಸುತ್ತದೆ. ಬೆಲೆಯೂ ಕಡಿಮೆ. ಇಷ್ಟು ಗುಣಗಳಿರುವ ಲೋಹದ ಒಂದು ದೋಷವನ್ನು ತಂತ್ರಜ್ಞರು ತಿಳಿದೇ ಒಪ್ಪಿಕೊಂಡಿದ್ದಾರೆ. ನೀರು ಮತ್ತು ಆಮ್ಲಜನಕ ಸೋಂಕಿದರೆ ಕೆಲವೇ ಗಂಟೆಗಳಲ್ಲಿ ಅದರ ಮೈ ಕೆಂಪೇರುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರೆ ಇನ್ನೂ ಬೇಗ. ಮಾರಾಟಕ್ಕೆ ಮುನ್ನ ಹೊಸ ಕಾರುಗಳು ಬಯಲಿನಲ್ಲಿ ವಾರಗಟ್ಟಲೆ ನಿಲ್ಲುವುದುಂಟು. ಆದುದರಿಂದ ಹೊಸದರಲ್ಲಿಯೂ ಈ ಬಣ್ಣ ಕಾಣುವುದು ಮೋಸದ ಕುರುಹಾಗಲಾರದು.

ಬಣ್ಣ ಬಳಿದು ಇದನ್ನು ತಡೆಯಬಾರದೇ? ತಟ್ಟೆಯ ಅಂಚಿಗೂ ನಡುಭಾಗಕ್ಕೂ ತಯಾರಕರು ಲೇಪ ಹಚ್ಚುವುದುಂಟು. ಆದರೆ ಪ್ಯಾಡ್ ಉಜ್ಜುವ ಭಾಗದಲ್ಲಿ ಯಾವ ಲೇಪವೂ ಬಾಳದು. ದೆಹಲಿಯ ಕುತುಬ್ ಮಿನಾರಿನ ಬಳಿಯಿರುವ, 7 ಮೀಟರಿಗೂ ಎತ್ತರವಾದ ಕಬ್ಬಿಣದ ಕಂಬವು ಸುಮಾರು 1600 ವರ್ಷಗಳಿಂದ ಬಿಸಿಲು ಮಳೆಗಳನ್ನು ಎದುರಿಸಿ ನಿಂತಿದೆ. ಅದರ ಕಬ್ಬಿಣದಲ್ಲಿರುವ ರಂಜಕದ ನೆರವಿನಿಂದ ಮೈಮೇಲೆ ತೆಳುವಾದ ರಕ್ಷಕ ಪದರವೊಂದು ಉಂಟಾಗಿದೆಯೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಆದರೆ ಕಂಬದ ಕೆಲಸ ನಿಲ್ಲುವುದು. ಬ್ರೇಕಿನ ಕೆಲಸ ಸವೆಯುವುದು. ತಾನು ಸವೆದು ಇತರರನ್ನು ಕಾಯುವ ವಸ್ತುವಿಗೆ ಅಂಥ ಕವಚವನ್ನು ತೊಟ್ಟುಕೊಳ್ಳುವ ಅವಕಾಶವಿಲ್ಲ.

ಕಣ್ಣಿಗೆ ಬೀಳುವುದೇ ಕೇಡು ಎಂಬ ಭಾವನೆಯೂ ಸರಿಯಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ತಟ್ಟೆಯ ಬ್ರೇಕಿಗೆ ಪೇಟೆಂಟ್ ಪಡೆದಿದ್ದನು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯದಲ್ಲಿ ಈ ಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದ ಮೇಲೆ ಇದರ ಖ್ಯಾತಿ ಹೆಚ್ಚಿತು. ಅದಕ್ಕೆ ಮುಂಚೆ ಹೆಚ್ಚಿನ ಕಾರುಗಳಲ್ಲಿದ್ದುದು ಡ್ರಮ್ ಬ್ರೇಕು. ಅದರ ಉಜ್ಜುವ ಮೈಯೂ ತುಕ್ಕು ಹಿಡಿಯುತ್ತಿತ್ತು. ಆದರೆ ಅದು ಡೋಲಿನಂಥ ಮುಚ್ಚಿಗೆಯ ಒಳಗಿದ್ದುದರಿಂದ ಯಾರೂ ನೋಡಲಿಲ್ಲ, ಯಾರೂ ಚಿಂತಿಸಲಿಲ್ಲ. ತಟ್ಟೆಯು ತನ್ನ ಮೈಯನ್ನು ಬಯಲಿಗೆ ತೋರುತ್ತದೆ. ಅಷ್ಟಕ್ಕೇ ಅದು ಅನುಮಾನಕ್ಕೆ ಗುರಿಯಾಗುತ್ತದೆ.

ಹಾಗೆಂದು ಎಲ್ಲ ತುಕ್ಕನ್ನೂ ಅಲಕ್ಷಿಸುವುದು ವಿವೇಕವಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ತುಕ್ಕು ಆಳಕ್ಕಿಳಿದು ತಟ್ಟೆಯಲ್ಲಿ ಕುಳಿಗಳನ್ನು ಕೊರೆಯುತ್ತದೆ. ಕೆಲವು ದಿನ ಓಡಿಸಿದ ಮೇಲೂ ಕಲೆ ಮಾಸದಿದ್ದರೆ, ಬ್ರೇಕ್ ಒತ್ತಿದಾಗ ಪೆಡಲ್ ನಡುಗಿದರೆ, ವಾಹನ ಒಂದು ಪಕ್ಕಕ್ಕೆ ಎಳೆದರೆ ತಡಮಾಡದೆ ತಜ್ಞರಿಗೆ ತೋರಿಸಬೇಕು. ಇದಕ್ಕಿಂತಲೂ ಗಂಭೀರವಾದ ಕೇಡು ಕಣ್ಣಿಗೆ ಕಾಣದೆಡೆಯಲ್ಲಿರುತ್ತದೆ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ದ್ರವವು ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಅದರಿಂದ ಕೊಳವೆಗಳು ಒಳಗಿನಿಂದಲೇ ಕೆಡಬಹುದು. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ದ್ರವ ಕುದಿದು ಪೆಡಲ್ ಹಿಡಿತ ಕಳೆದುಕೊಳ್ಳಬಹುದು. ತಯಾರಕರು ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ, ಅದನ್ನು ಬದಲಿಸಬೇಕು. ತಟ್ಟೆಯ ಕೆಂಪನ್ನು ಕಂಡು ನಿದ್ದೆಗೆಡುವವರು ಈ ದ್ರವವನ್ನು ನೆನೆಯುವುದೇ ಅಪರೂಪ.

ವಿದ್ಯುತ್ ಕಾರುಗಳು ಈ ಕಥೆಗೆ ಇನ್ನೊಂದು ತಿರುವನ್ನು ನೀಡಿವೆ. ಅವುಗಳಲ್ಲಿ ಮೋಟಾರೇ ಜನಕದಂತೆ ಕೆಲಸಮಾಡಿ ವೇಗವನ್ನು ತಗ್ಗಿಸುವುದರಿಂದ ಬ್ರೇಕಿಗೆ ಕೆಲಸ ಕಡಿಮೆ. ಕೆಲಸ ಕಡಿಮೆಯಾದಂತೆ ತುಕ್ಕು ಹೆಚ್ಚು. ಆದುದರಿಂದ ಕೆಲವು ವಿದ್ಯುತ್ ಕಾರುಗಳ ಹಿಂದಿನ ಚಕ್ರಗಳಿಗೆ ತಯಾರಕರು ಮತ್ತೆ ಡ್ರಮ್ ಬ್ರೇಕುಗಳನ್ನೇ ಅಳವಡಿಸಿದ್ದಾರೆ. ಯಂತ್ರ ಎಷ್ಟೇ ಹೊಸದಾದರೂ ಕಬ್ಬಿಣದ ಹಳೆಯ ಸ್ವಭಾವ ಬದಲಾಗಲಿಲ್ಲ.

ಉಪಕರಣವನ್ನು ಕಾಪಾಡಬೇಕೆಂಬ ಕಾಳಜಿ ದೊಡ್ಡದು. ಆದರೆ ಅದರ ಕೆಲಸವೇನೆಂಬ ತಿಳಿವಳಿಕೆ ಜೊತೆಗಿಲ್ಲದಿದ್ದರೆ ಆ ಕಾಳಜಿಯೇ ಕುತ್ತಾದೀತು. ಕತ್ತಿಯ ಕೆಲಸ ಕೊಯ್ಯುವುದು, ಅದಕ್ಕೆ ಎಣ್ಣೆ ಹಿತ. ಬ್ರೇಕಿನ ಕೆಲಸ ಹಿಡಿಯುವುದು, ಅದಕ್ಕೆ ಎಣ್ಣೆ ವಿಷ. ಮೇಲ್ಮೈಯ ತುಕ್ಕಿಗೆ ದುಡಿಮೆಯೇ ಮದ್ದು. ಒಳಗಿನ ತುಕ್ಕಿಗೆ ಎಚ್ಚರವೇ ಮದ್ದು. ಇವೆರಡರ ಅಂತರವನ್ನು ಅರಿತವನ ಕೈಯಲ್ಲಿ ವಾಹನವೂ ಸುರಕ್ಷಿತ, ಅದರಲ್ಲಿ ಕುಳಿತವರೂ ಸುರಕ್ಷಿತ.