ಚರಂಡಿಯ ಮೇಲಿನ ದಾರಿ

2025 ಮೇ 18, ಆದಿತ್ಯವಾರ

ಸುಪ್ರೀಂ ಕೋರ್ಟ್ 14ರಂದು ಕೊಟ್ಟ ಆದೇಶದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡೆ. ಪಾದಚಾರಿಗೆ ಫುಟ್‌ಪಾತ್ ಬೇಕೆನ್ನುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆಯಂತೆ. ಅದು ಅಂಗವಿಕಲರೂ ಬಳಸುವಂತಿರಬೇಕು, ಒತ್ತುವರಿ ತೆರವಾಗಬೇಕು, ರಾಜ್ಯಗಳು ಮಾರ್ಗಸೂಚಿ ತರಬೇಕು. ಓದಿ ಖುಷಿಯಾಯಿತು, ಜೊತೆಗೆ ಒಂದು ಅಂಜಿಕೆ. ಒತ್ತುವರಿ ಎಂದ ಕೂಡಲೇ ಕಣ್ಣು ಬೀಳುವುದು ಹಣ್ಣಿನ ಗಾಡಿಯವರ ಮೇಲೆ. ಸಾಲಾಗಿ ನಿಲ್ಲಿಸಿದ ಬೈಕುಗಳು ಯಾರಿಗೂ ಕಾಣುವುದಿಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ. ಅವರಿಗೂ ಜಾಗ ಗುರುತಿಸಿ ಕೊಟ್ಟರಷ್ಟೇ ಈ ಆದೇಶಕ್ಕೆ ನ್ಯಾಯ.

ಮೇ 27, ಮಂಗಳವಾರ

ಮುಂಗಾರು ಈ ಸಲ 24ಕ್ಕೇ ಕೇರಳ ಮುಟ್ಟಿತು. ಅದರ ಬೆನ್ನಿಗೇ ಇಲ್ಲಿ ಮಂಗಳೂರಲ್ಲೂ ಸುರಿಯುತ್ತಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಬಾವುಟಗುಡ್ಡೆ, ಬಲ್ಮಠ, ಕದ್ರಿ ಎಲ್ಲ ಎತ್ತರದಲ್ಲಿವೆ. ಅಲ್ಲಿ ಬಿದ್ದ ನೀರು ತಗ್ಗಿಗೆ ನುಗ್ಗಲೇಬೇಕು. ಅದಕ್ಕೆಂದೇ ಮಾರ್ಗದ ಬದಿಯಲ್ಲಿ ಆಳದ ಚರಂಡಿ, ಚರಂಡಿಯ ಮೇಲೆ ಕಾಂಕ್ರೀಟ್ ಚಪ್ಪಡಿ. ಎಷ್ಟೋ ಕಡೆ ಆ ಚಪ್ಪಡಿಯೇ ಫುಟ್‌ಪಾತ್.

ಹಾಗಾಗಿ ನಮ್ಮೂರಲ್ಲಿ ನಡಿಗೆಯ ಹಣೆಬರಹ ಬರೆಯುವುದು ಚರಂಡಿಯೇ. ಹೂಳು ತೆಗೆಯಲು ಚಪ್ಪಡಿ ಎಬ್ಬಿಸುತ್ತಾರೆ. ಮತ್ತೆ ಕೂರಿಸಿದಾಗ ಒಂದರ ಮೂಲೆ ಎದ್ದಿರುತ್ತದೆ, ಇನ್ನೊಂದು ಕಾಲಿಟ್ಟರೆ ಅಲುಗುತ್ತದೆ. ಕೇಬಲಿಗೆ ಅಗೆಯುವವರು ಮತ್ತೊಂದನ್ನು ಒಡೆದು ಹೋಗುತ್ತಾರೆ. ಹೂಳೆತ್ತಲು ಅಲ್ಲಲ್ಲಿ ಬಾಯಿ ಬಿಟ್ಟು ಸಮಮಟ್ಟದ ಮುಚ್ಚಳ ಹಾಕಿದರೆ, ಕೇಬಲಿಗೆ ಮೊದಲೇ ಕೊಳವೆ ಹೂತಿಟ್ಟರೆ, ನಡೆಯುವವರ ದಾರಿಯನ್ನು ಪ್ರತಿವರ್ಷ ಕೀಳಬೇಕಾಗಿಲ್ಲ.

ಜೂನ್ 10, ಮಂಗಳವಾರ

ಅಮ್ಮನ ಕಣ್ಣು ತೋರಿಸುವುದಿತ್ತು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಹಂಪನಕಟ್ಟೆಯ ಕಡೆಗೆ ನಡೆದೆವು. ಗೇಟು ಬಂದಲ್ಲೆಲ್ಲ ಫುಟ್‌ಪಾತ್ ಕೆಳಗಿಳಿಯುತ್ತದೆ, ದಾಟಿದ ಮೇಲೆ ಮತ್ತೆ ಹತ್ತಬೇಕು. ಕಾರು ಸಲೀಸಾಗಿ ಒಳಹೋಗಲೆಂದು ನಡೆಯುವವರ ದಾರಿಯನ್ನು ಕಡಿದ ಹಾಗೆ. ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದು, “ಇದರ ಮೇಲೆ ಬೇಡ ಮಗಾ, ಮಾರ್ಗದಲ್ಲೇ ಹೋಗುವ” ಅಂದಳು. ಬಸ್ಸುಗಳ ಹಾರ್ನಿಗಿಂತ ಅವಳಿಗೆ ಆ ಚಪ್ಪಡಿಗಳ ಹೆದರಿಕೆ ಹೆಚ್ಚು.

ವೆನ್ಲಾಕ್, ಲೇಡಿಗೋಶನ್ ಆಸ್ಪತ್ರೆಗಳಿಗೆ ಜಿಲ್ಲೆಯ ಮೂಲೆಮೂಲೆಯಿಂದ ಬರುವವರು ಬಸ್ಸಿಳಿದು ನಡೆಯುವುದು ಈ ಸುತ್ತಿನಲ್ಲೇ: ಬಸುರಿಯರು, ಮಗು ಎತ್ತಿಕೊಂಡ ಬಾಣಂತಿಯರು, ಕಾಲಿಗೆ ಪಟ್ಟಿ ಕಟ್ಟಿಕೊಂಡವರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ 2012ರಲ್ಲೇ ಕನಿಷ್ಠ 1.8 ಮೀಟರ್ ಅಗಲದ, ಅಡ್ಡಿಯಿಲ್ಲದ ಫುಟ್‌ಪಾತ್ ಕೇಳಿತ್ತು. ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದೆಂದೂ ಹೇಳಿತ್ತು. ಗೇಟಿನೆದುರೂ ಫುಟ್‌ಪಾತಿನ ಮಟ್ಟ ಹಾಗೆಯೇ ಮುಂದುವರಿಯಲಿ. ಸಣ್ಣ ಇಳಿಜಾರು ಹತ್ತಿ, ನಿಧಾನಿಸಿ, ಕಾರೇ ಅದನ್ನು ದಾಟಲಿ. ಹತ್ತಿಳಿಯುವ ಕಷ್ಟ ಎಂಜಿನ್ ಇರುವವರಿಗಿರಲಿ, ಮಂಡಿನೋವಿನವರಿಗೆ ಬೇಡ.

ಜೂನ್ 21, ಶನಿವಾರ

ಅಣ್ಣನ ಮಗ ಶಾಲೆಗೆ ಸೈಕಲಿನಲ್ಲಿ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಅತ್ತಿಗೆಗೆ ಧೈರ್ಯವಿಲ್ಲ. ಈ ಊರಿನ ಏರಿಗೆ ಸೈಕಲ್ ಆಗದು ಎಂಬ ಮಾತು ಕದ್ರಿ, ಬೆಂದೂರ್‌ವೆಲ್ ಕಡೆ ನಿಜವಿರಬಹುದು. ಬಂದರು, ಕುದ್ರೋಳಿ, ಉರ್ವ ತಗ್ಗಿನ ನೆಲ. ಅಲ್ಲಿ ಸೈಕಲ್ ಬೆದರುವುದು ಏರಿಗಲ್ಲ, ವೇಗಕ್ಕೆ. ಮೈಸೂರು 2017ರಲ್ಲೇ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುಮಾಡಿತು. ನಮ್ಮ ಬಂದರಿನ ಗಲ್ಲಿಗಳಲ್ಲಿ ಸೈಕಲಿಗೆ ಬೇರೆ ಪಥ ಹಾಕುವಷ್ಟು ಅಗಲವಿಲ್ಲ. ಅಂಥಲ್ಲಿ ದಾರಿಯನ್ನು ಹಂಚಿಕೊಳ್ಳಬೇಕು. ಹಂಚಿಕೊಳ್ಳಬೇಕಾದರೆ ವೇಗ ಇಳಿಯಬೇಕು. ಜನ, ವಾಹನ ಬೆರೆಯುವಲ್ಲಿ ಗಂಟೆಗೆ 30 ಕಿಲೋಮೀಟರ್ ಸಾಕೆಂದು 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲೂ ಇದೆ. ಬೋರ್ಡು ನೆಟ್ಟ ಮಾತ್ರಕ್ಕೆ ಯಾರೂ ನಿಧಾನಿಸುವುದಿಲ್ಲ. ಬಿಗಿಯಾದ ತಿರುವು, ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಬೇಕು.

ಕೊಡಿಯಾಲ್ ತೇರಿನ ದಿನ ರಥಬೀದಿ ನಡೆಯುವವರ ಪಾಲಾಗುತ್ತದೆ, ಊರು ಅದಕ್ಕೆ ಸಂತೋಷದಿಂದ ಹೊಂದಿಕೊಳ್ಳುತ್ತದೆ. ಉಳಿದ ದಿನ ಪೂರ್ತಿ ಬಿಡಬೇಕಾಗಿಲ್ಲ, ವಾಹನಗಳು ನಿಧಾನವಾಗಿ ಬಂದರೆ ಸಾಕು.

ಜೂನ್ 24, ಮಂಗಳವಾರ

ಫುಟ್‌ಪಾತಿಗಾಗಿ ಮನವಿಯ ಕರಡು ಬರೆದೆ. ಇಡೀ ಊರಿಗೆ ಒಮ್ಮೆಲೇ ಕೇಳಿಲ್ಲ. ಸ್ಟೇಟ್‌ಬ್ಯಾಂಕಿನಿಂದ ಹಂಪನಕಟ್ಟೆಯವರೆಗೆ ಒಂದೇ ಮಾರ್ಗ, ಎರಡೂ ಬದಿ, ಎಲ್ಲೂ ತುಂಡಾಗದ ಫುಟ್‌ಪಾತ್. ನೂರು ಮೀಟರ್ ಚೆಂದವಿದ್ದು ಒಂದು ಚಪ್ಪಡಿ ಇಲ್ಲದಿದ್ದರೆ ಅಮ್ಮನಂಥವರಿಗೆ ಆ ನೂರು ಮೀಟರೂ ಇಲ್ಲ. ಕೊನೆಗೊಂದು ಷರತ್ತು ಸೇರಿಸಿದ್ದೇನೆ: ಕಾಮಗಾರಿ ಪರಿಶೀಲಿಸುವವರು ಮಳೆ ಬರುವಾಗಲೇ ಬರಲಿ, ಗಾಲಿಕುರ್ಚಿಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಈ ತುದಿಯಿಂದ ಆ ತುದಿಗೆ ಹೋಗಲಿ. ಆ ಕುರ್ಚಿ ಎಲ್ಲೂ ಮಾರ್ಗಕ್ಕಿಳಿಯದೆ ತಲುಪಿದರೆ ಮಾತ್ರ ಬಿಲ್ ಪಾಸು ಮಾಡಲಿ.